ಅಳತಿ ಬುಕ್ಕು

ಆಳಂದ ಬಸ್‌ಸ್ಟ್ಯಾಂಡ್ ಹಿಂದ ನಂದು ಎಂಟು ಫೂಟಿನ ಅಂಗಡಿ.
ಗಿರಾಕಿಗೊಳ ಅಳತಿ ಬುಕ್ಕಿನ ಮುಂದಿಂದ ಬರೀತೀನಿ,
ಮುಕ್ತಾಂದು ಹಿಂದಿಂದ.
ಎರಡೂ ಒಂದಿನ ನಡುವ ಕೂಡತಾವ, ಬುಕ್ಕು ಮುಗೀತದ,
ಮತ್ತೊಂದು ತರ್ತೀನಿ. ಇದು ಆರನೇದು.

ಮೊದಲನೇ ಬುಕ್ಕಿನ ಮೊದಲನೇ ಸಾಲು:
ಎಡತೋಳು, ಎಂಟೂವರಿ ಇಂಚು.
ಅಕಿಗಾಗ ಮೂರು ತಿಂಗಳು.
ಆ ವಯಸ್ಸಿನ ಕೂಸಿನ ತೋಳು ಐದೂವರಿ ದಾಟಂಗಿಲ್ಲ,
ಸಾವಿರ ಝಬಲಾ ಹೊಲ್ದ ಕೈ ನಂದು, ನನಗ ಗೊತ್ತಿರ್ತದ.

ಬದನಿಕಾಯಿ ಬಣ್ಣ. ಮುಟ್ಟಿದ್ರ ಬಿಸಿ,
ಇಸ್ತ್ರಿ ಪೆಟ್ಟಿಗಿ ಆರಿದ ಮ್ಯಾಲೂ ಇರ್ತದಲ್ಲ, ಅಷ್ಟು.
ಗ್ರಹಣದಾಗ ಏನ್ ಹೆಚ್ಚಿದಿ ಅಂತ ಓಣಿ ಹೆಂಗಸರು
ಅಕಿ ಅವ್ವಗ ಕೇಳಿದ್ರು. ಏನೂ ಹೆಚ್ಚಿದ್ದಿಲ್ಲ,
ಆದರೂ ನೆನಪು ಮಾಡಿಕೋತ ಕೂತಳು.
ದರ್ಗಾದಾಗ ದಾರ ಕಟ್ಟಿಸಿಕೊಂಡು ಬಂದ್ವಿ.
ಸೋಲಾಪುರದ ಡಾಕ್ಟರಬಾಯಿ ಮೊದಲು ಆ ದಾರ ಕತ್ತರಿಸಿದ್ರು.
ಬಿಗಿ ಏನೂ ಇರಬಾರದು ಇಲ್ಲಿ, ಅಂದ್ರು.
ತುಂಡು ದಾರ ಕಸದ ಬುಟ್ಟಿಗೆ ಹಾಕದೆ ನನ್ನ ಕೈಯಾಗ ಇಟ್ಟರು.

ರಕ್ತನಾಳದ ಗಡ್ಡಿ. ಅದರ ಪೂರಾ ಹೆಸರು
ಬುಕ್ಕಿನ ಒಂದು ಸಾಲಿನಾಗ ಹಿಡೀಲಿಲ್ಲ,
ಕಡೀ ಎರಡಕ್ಷರ ಕೆಳಗ ಇಳದ್ವು.
ಕ್ಯಾನ್ಸರೇನ್ರಿ ಅಂದೆ. ಅಲ್ಲ ಅಂದ್ರು.
ಹಂಗಾದ್ರ ಬಿಡಬಹುದಲ್ಲ. ಬಿಡೂಹಂಗಿಲ್ಲ.
ಲಕ್ಷ ಮಕ್ಕಳಾಗ ಒಂದಕ್ಕ ಬರ್ತದಂತ.
ನಮ್ಮೂರಾಗ ಒಟ್ಟು ಮಂದೀನೇ ಅಷ್ಟಿಲ್ಲ,
ಸುತ್ತಿನ ಹಳ್ಳಿ ಪಾಲೂ ಸೇರಿಸಿ ನಮ್ಮ ಮನಿಗೇ ಬಂದಂಗಾತು.

ಗಡ್ಡಿ ರಕ್ತದಾಗಿನ ಪ್ಲೇಟ್‌ಲೆಟ್ ನುಂಗಲತ್ತಿತ್ತು.
ಎರಡು ಲಕ್ಷ ಇರಬೇಕಾದದ್ದು ಒಂಬತ್ತು ಸಾವಿರ.
ತುಣುಕು ತಗದು ನೋಡ್ರಿ ಅಂದೆ.
ಅಲ್ಲಿ ಸೂಜಿ ಚುಚ್ಚಿದ್ರ ರಕ್ತ ನಿಲ್ಲಂಗಿಲ್ಲ ಅಂದ್ರು.
ಸೂಜಿ ಮ್ಯಾಲೆ ಬದುಕಿದಾವ ನಾ.
ಆ ರಾತ್ರಿ ವಾರ್ಡಿನ ಹೊರಗ ಕೂತು
ಕಾಲರಿಗೆ ಸಿಗಿಸಿಕೊಂಡಿದ್ದು ಒಂದೊಂದೇ ತಗದು ಎಣಿಸಿದೆ.
ನಾಕಿದ್ವು. ಐದನೇದು ಎಲ್ಲಿ ಬಿತ್ತು ಅಂತ
ಬೆಳತನ ಫರಶಿ ಮ್ಯಾಲೆ ಕೈ ಆಡಿಸಿದೆ.

ಕೊಟ್ಟ ಔಷಧ ಎಲ್ಲೋ ಸಮುದ್ರದಾಗಿನ
ನಡುಗಡ್ಡಿ ಮಣ್ಣಿನಾಗ ಸಿಕ್ಕಿದ್ದಂತ.
ನಮ್ಮವ್ವ ಇದ್ದಿದ್ರ, ಮಣ್ಣೇ ಆದ್ರ
ನಮ್ಮ ಎರಿ ಹೊಲ ಏನ್ ಪಾಪ ಮಾಡಿತ್ತು ಅಂತಿದ್ಲು.
ದಿನಾ ಮುಂಜಾನಿ ಏಳಕ್ಕ, ಹೊತ್ತು ತಪ್ಪಂಗಿಲ್ಲ.
ಬಾಯಿ ತುಂಬ ಹುಣ್ಣು. ತಿಂಗಳಿಗೊಮ್ಮೆ ವಾಗ್ದರಿ ಮ್ಯಾಲಿನ ಬಸ್ಸು,
ರಕ್ತ, ಚೀಟಿ. ನಲವತ್ತು ಸಾವಿರ. ತೊಂಬತ್ತು.
ಎಡತೋಳು ಏಳು. ಆರೂಮುಕ್ಕಾಲು.
ಬಣ್ಣ, ಭಾಳ ಸಲ ಒಗದ ಸೀರಿ ಹಂಗ ಮಾಸಿ ನಿಂತಿತು,
ಪೂರಾ ಹೋಗಲಿಲ್ಲ.

ಆವಾಗಿಂದ ಅಕಿ ಅಂಗಿಗೆ ಎರಡೂ ತೋಳು ಢಿಲಾ ಹೊಲೀತೀನಿ,
ಒಂದರ ಸಲುವಾಗಿ ಎರಡನೇದೂ.
ಸಾಲಿ ಫೋಟೋದಾಗ ಯಾರದೋ ಅಂಗಿ ತೊಟ್ಟಂಗ ಕಾಣ್ತಾಳ.

ಈಗ ಹನ್ನೆರಡು.
ದೀಪಾವಳಿಯಿಂದ ಒಂಬತ್ತೂವರಿ ಮ್ಯಾಲೇ ನಿಂತಿತ್ತು.
ಸಾಲಿ ಸುರು ಆಗೂ ಹೊತ್ತಿಗೆ ಹತ್ತೂಕಾಲು.
ಎರಡು ಸಲ ಅಳದೆ. ಟೇಪು ಹಳೇದಾಗ್ಯಾದ ಅಂತ
ಹೊಸಾದು ತಂದು ಅಳದೆ.
ನಾಳಿಗೇ ಸೋಲಾಪುರ, ಅಂದೆ.

ಅಕಿ ನನ್ನ ಕೊರಳಾಗಿನ ಟೇಪು ಎಳಕೊಂಡು
ಒಂದು ತುದಿ ಹಲ್ಲಾಗ ಹಿಡದು
ಬಲತೋಳಿಗೆ ಸುತ್ತಿದಳು.
ಒಂಬತ್ತು.
ಆರು ಬುಕ್ಕಿನಾಗ ನಾ ಎಂದೂ ಬರೀಲಾರದ ತೋಳು.
ಬರೇ ಅದೊಂದೇ ಬೆಳೀತದೇನ್? ಅಂದು
ಪೆನ್ನು ಕಸಕೊಂಡು ತಾನೇ ಬರದಳು.
ಅಕಿ ಅಕ್ಷರ ನನ್ನದಕಿಂತ ದುಂಡು.

ನಾಳಿಗೆ ಹೋಗ್ತೀವಿ, ಅದು ಬ್ಯಾರೆ ಮಾತು.
ರಕ್ತ ಕೊಡ್ತೀವಿ, ಚೀಟಿ ತರ್ತೀವಿ.
ಈಗ ರಾತ್ರಿ ಹತ್ತು. ಶಟರ್ ಅರ್ಧ ಇಳಿಸಿ
ಅಕಿ ಯೂನಿಫಾರ್ಮ್ ಕತ್ತರಿಸ್ಲತ್ತೀನಿ:
ಒಂದು ತೋಳು ಹತ್ತೂಕಾಲಿಗೆ, ಒಂದು ಒಂಬತ್ತಕ್ಕ.
ಹಿಂಗ ಕತ್ತರಿಸಿ ರೂಢಿಲ್ಲ ಕತ್ರಿಗೆ.